ಹಲವು ಪುಸ್ತಕ, ಒಂದೇ ಎಕ್ಸ್‌ಎಂಎಲ್ ಫೈಲ್



ಇಲ್ಲಿ ಪಿಯು ಮುಗಿಸಿ ಬಿಸಿಎಗೆ ಹೋದವರು ಜಾವಾ ಕಲಿಯುವಾಗ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಸರ್, ಒಂದು ಪುಸ್ತಕದ ವಿವರ ಎಕ್ಸ್‌ಎಂಎಲ್ ಫೈಲಿನಲ್ಲಿ ಸೇವ್ ಆಗುತ್ತದೆ. ಎರಡನೆಯದನ್ನು ಸೇವ್ ಮಾಡಿದರೆ ಮೊದಲನೆಯದು ಹೋಗಿಬಿಡುತ್ತದೆ. ಯಾಕೆ?" ಲೈಬ್ರರಿಯ ಪಟ್ಟಿ ಮಾಡಲು ಹೊರಟವರಿಗೆ ಇದು ಸಣ್ಣ ತೊಂದರೆಯಲ್ಲ. ಇಡೀ ದಿನ ಕೂತು ಟೈಪ್ ಮಾಡಿದ್ದರಲ್ಲಿ ಕೊನೆಯ ಪುಸ್ತಕ ಮಾತ್ರ ಉಳಿದಿರುತ್ತದೆ.

ಜಾವಾ ಆಬ್ಜೆಕ್ಟನ್ನು ಎಕ್ಸ್‌ಎಂಎಲ್ ಆಗಿ ಬರೆಯಲು ಜೆಎಎಕ್ಸ್‌ಬಿ ಎಂಬ ಸೌಲಭ್ಯವಿದೆ. ಅದರ ಮಾರ್ಷಲ್ ಮೆಥಡ್‌ಗೆ ಫೈಲ್ ಕೊಟ್ಟಾಗಲೆಲ್ಲ ಅದು ಹಳೆಯದನ್ನು ಅಳಿಸಿ ಹೊಸದಾಗಿ ಬರೆಯುತ್ತದೆ. ಕೆಲವರು ಜಾಣತನದಿಂದ ಫೈಲನ್ನು ಅಪೆಂಡ್ ಮೋಡ್‌ನಲ್ಲಿ ತೆರೆಯುತ್ತಾರೆ. ಬರೆಯುವಾಗ ಯಾವ ಎರರ್ ಕೂಡ ಬರುವುದಿಲ್ಲ, ಆದರೆ ಓದಲು ಹೋದಾಗ ಪ್ರೋಗ್ರಾಂ ನಿಂತುಬಿಡುತ್ತದೆ. 1998ರಲ್ಲಿ ಎಕ್ಸ್‌ಎಂಎಲ್ 1.0 ಬಂದಾಗಿನಿಂದಲೂ ನಿಯಮ ಒಂದೇ: ಒಂದು ಫೈಲಿಗೆ ಒಂದೇ ರೂಟ್ ಎಲಿಮೆಂಟ್. ಉಳಿದದ್ದೆಲ್ಲ ಅದರ ಒಳಗೇ ಇರಬೇಕು.

ಆದ್ದರಿಂದ ಪುಸ್ತಕಗಳನ್ನು ಹಿಡಿದಿಡಲು ಇನ್ನೊಂದು ಕ್ಲಾಸ್ ಬೇಕು. ಫೈಲ್ ಹೀಗೆ ಕಾಣಬೇಕು:

<ಪುಸ್ತಕಪಟ್ಟಿ>
  <ಪುಸ್ತಕ>
    <ಹೆಸರು>ಚಂದ್ರಗಿರಿಯ ತೀರದಲ್ಲಿ</ಹೆಸರು>
    <ಲೇಖಕರು>ಸಾರಾ ಅಬೂಬಕ್ಕರ್</ಲೇಖಕರು>
  </ಪುಸ್ತಕ>
  <ಪುಸ್ತಕ>
    <ಹೆಸರು>ಚೋಮನ ದುಡಿ</ಹೆಸರು>
    <ಲೇಖಕರು>ಶಿವರಾಮ ಕಾರಂತ</ಲೇಖಕರು>
  </ಪುಸ್ತಕ>
</ಪುಸ್ತಕಪಟ್ಟಿ>

(ಟ್ಯಾಗ್ ಕನ್ನಡದಲ್ಲಿದೆಯೆಂದು ಅಚ್ಚರಿ ಬೇಡ. ಎಕ್ಸ್‌ಎಂಎಲ್ ಅದನ್ನು ಒಪ್ಪುತ್ತದೆ.)

ಪುಸ್ತಕಪಟ್ಟಿ ಕ್ಲಾಸಿನ ಮೇಲೆ ಎಕ್ಸ್‌ಎಂಎಲ್‌ರೂಟ್‌ಎಲಿಮೆಂಟ್ ಎಂಬ ಅನೊಟೇಶನ್ ಹಾಕಿ. ಅದರೊಳಗೆ ಪುಸ್ತಕಗಳ ಒಂದು ಲಿಸ್ಟ್ ಇಡಿ, ಲಿಸ್ಟಿನ ಗೆಟರ್ ಮೇಲೆ ಎಕ್ಸ್‌ಎಂಎಲ್‌ಎಲಿಮೆಂಟ್ ಹಾಕಿ ಪ್ರತಿ ಸಾಲಿನ ಟ್ಯಾಗ್ ಹೆಸರು ಕೊಡಿ. ಅನೊಟೇಶನ್ ಗೆಟರ್ ಮೇಲೆಯೇ ಇರಲಿ. ಪ್ರೈವೇಟ್ ಫೀಲ್ಡ್ ಮೇಲೆ ಹಾಕಿ ಪಬ್ಲಿಕ್ ಗೆಟರ್, ಸೆಟರ್ ಎರಡನ್ನೂ ಇಟ್ಟರೆ, ಒಂದೇ ಹೆಸರಿನ ಎರಡು ಪ್ರಾಪರ್ಟಿಗಳಿವೆ ಎಂದು ಜೆಎಎಕ್ಸ್‌ಬಿ ತಕರಾರು ತೆಗೆಯುತ್ತದೆ. ಎರಡೂ ಕ್ಲಾಸಿಗೆ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಇರಲೇಬೇಕು. ಓದುವಾಗ ಮೊದಲು ಖಾಲಿ ಆಬ್ಜೆಕ್ಟ್ ಮಾಡಿ ಆಮೇಲೆ ತುಂಬುವುದು ಅದರ ಕ್ರಮ. ಪಟ್ಟಿ ಕ್ಲಾಸ್ ಯಾಕೆ, ಅರ‍್ರೇಲಿಸ್ಟನ್ನೇ ನೇರ ಕೊಟ್ಟರಾಗದೇ ಎಂದರೆ, ಆಗದು. ಅದಕ್ಕೆ ರೂಟ್ ಅನೊಟೇಶನ್ ಇಲ್ಲ.

ಹಳೆಯ ಪುಸ್ತಕ ನೋಡಿ ಕಲಿಯುವವರಿಗೆ ಒಂದು ಮಾತು. ಜಾವಾ 11ರಿಂದ ಜೆಎಎಕ್ಸ್‌ಬಿ ಜಾವಾದ ಜೊತೆಗೇ ಬರುವುದಿಲ್ಲ, ಜಕಾರ್ತಾ ಹೆಸರಿನ ಲೈಬ್ರರಿಯನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು.

ನಮ್ಮ ಕಪಾಟಿನಲ್ಲಿ ಕನ್ನಡ, ಉರ್ದು, ಅರಬಿ ಮೂರೂ ಇರುವುದರಿಂದ ಅಕ್ಷರದ ವಿಷಯ ಮುಖ್ಯ. ಮಾರ್ಷಲ್‌ಗೆ ಫೈಲನ್ನೇ ಕೊಟ್ಟರೆ ಅದು ಯುಟಿಎಫ್-8ರಲ್ಲಿ ಬರೆಯುತ್ತದೆ. ನಡುವೆ ಫೈಲ್‌ರೈಟರ್ ತಂದರೆ, ಜಾವಾ 18ಕ್ಕಿಂತ ಹಿಂದಿನ ಆವೃತ್ತಿಯಲ್ಲಿ ಅದು ಕಂಪ್ಯೂಟರಿನ ಸ್ವಂತ ಎನ್‌ಕೋಡಿಂಗ್ ಬಳಸುತ್ತದೆ. ಎಷ್ಟೋ ವಿಂಡೋಸ್ ಕಂಪ್ಯೂಟರುಗಳಲ್ಲಿ ಆಗ ಕನ್ನಡದ ಜಾಗದಲ್ಲಿ ಪ್ರಶ್ನೆಚಿಹ್ನೆಗಳ ಸಾಲು ಉಳಿಯುತ್ತದೆ, ಹೋದ ಅಕ್ಷರ ಮರಳಿ ಸಿಗುವುದಿಲ್ಲ.

ಹೊಸ ಪುಸ್ತಕ ಬಂದಾಗ ಪೂರ್ತಿ ಪಟ್ಟಿಯನ್ನು ಅನ್‌ಮಾರ್ಷಲ್ ಮಾಡಿ, ಲಿಸ್ಟಿಗೆ ಸೇರಿಸಿ, ಪೂರ್ತಿಯಾಗಿ ಮತ್ತೆ ಬರೆಯಿರಿ. ಆದರೆ ಹಳೆಯ ಫೈಲಿನ ಮೇಲೆಯೇ ಬರೆಯುತ್ತಿರುವಾಗ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಮೊದಲು ಬೇರೆ ಹೆಸರಿನ ಫೈಲಿಗೆ ಬರೆದು, ಅದು ಮುಗಿದ ಮೇಲೆ ಫೈಲ್ಸ್ ಕ್ಲಾಸಿನ ಮೂವ್ ಮೆಥಡ್‌ನಿಂದ ಹಳೆಯದರ ಜಾಗಕ್ಕೆ ತನ್ನಿ.