ಗೇಟಿನಾಚೆ ಮಕ್ಕಳನ್ನು ಎಲ್ಲಿ ನಿಲ್ಲಿಸ್ತೀಯಮ್ಮ?

ಸಿಆರ್‌ಪಿ ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ ಕೆಲಸಕ್ಕೆ ಹೊಸದಾಗಿ ಬಂದಿದ್ದೀಯ. ಕ್ಲಸ್ಟರಿನ ಎಲ್ಲ ಶಾಲೆಗಳಿಂದ ಸುರಕ್ಷತಾ ಯೋಜನೆ ಬರೆಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಪ್ಪಿಸಬೇಕು ಅಂದೆಯಲ್ಲ, ಅದಕ್ಕೇ ಈ ನಾಲ್ಕು ಮಾತು. ಒಂದು ಶಾಲೆಯವರು ಬರೆದದ್ದನ್ನೇ ಹೆಸರು ಬದಲಿಸಿ ಉಳಿದವರು ಕಳಿಸ್ತಾರೆ. ಅದನ್ನು ತಗೋಬೇಡಮ್ಮ. ಮೈಸೂರಿನ ಮಂಡಿ ಮೊಹಲ್ಲಾದಂಥ ಕಡೆ ಶಾಲೆಗೊಂದು ಯೋಜನೆ ಅಂತ ಬೇರೆ ಬೇರೆ ಬರೆದರೆ ಪ್ರಯೋಜನವಿಲ್ಲ. ಕನ್ನಡ ಶಾಲೆ, ಉರ್ದು ಶಾಲೆ, ಅಂಗನವಾಡಿ, ಖಾಸಗಿ ಕಾನ್ವೆಂಟು, ಎಲ್ಲದರ ಮಕ್ಕಳೂ ಕೊನೆಗೆ ಓಡಿ ಬರೋದು ಅದೇ ಇಕ್ಕಟ್ಟಿನ ಗಲ್ಲಿಗಳಿಗೆ. ಪೆನ್ನು ಹಿಡಿಯೋ ಮೊದಲು ಹೆಡ್‌ಮೇಷ್ಟ್ರುಗಳನ್ನೆಲ್ಲ ಒಟ್ಟಿಗೆ ಕರಕೊಂಡು ಗಲ್ಲಿ ಸುತ್ತು. ಭಾನುವಾರ ಬೇಡ. ಸಾಮಾನು ಇಳಿಸೋ ಗಾಡಿ, ಆಟೊ, ಸ್ಕೂಟರು ಎಲ್ಲ ಅಡ್ಡ ನಿಂತಿರೋ ಹೊತ್ತಿನಲ್ಲೇ ಸುತ್ತು. ಅಗ್ನಿಶಾಮಕ ವಾಹನ ಎಲ್ಲಿಯವರೆಗೆ ಬರುತ್ತೆ, ಎಲ್ಲಿ ಸಿಕ್ಕಿಕೊಳ್ಳುತ್ತೆ ಅನ್ನೋದು ಆಗ ಕಣ್ಣಿಗೆ ಕಾಣುತ್ತೆ.

ಮಕ್ಕಳನ್ನು ಕಟ್ಟಡದಿಂದ ಆಚೆ ಕಳಿಸಿದರೆ ಆಯ್ತು ಅಂತ ಕೆಲವರು ಹೇಳ್ತಾರೆ. ಅಷ್ಟೇ ಸಾಲದು. ಗುಜರಾತಿನ ಅಂಜಾರ್‌ನಲ್ಲಿ 2001ರ ಜನವರಿ 26ರಂದು ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳ ಮೇಲೆ ಕಿರಿದಾದ ಬೀದಿಯ ಎರಡೂ ಬದಿಯ ಕಟ್ಟಡಗಳು ಭೂಕಂಪಕ್ಕೆ ಕುಸಿದವು. 185 ಮಕ್ಕಳು, 20 ಶಿಕ್ಷಕರು ಹೋದರು. ಅವರೆಲ್ಲ ಬೀದಿಯಲ್ಲೇ ಇದ್ದರಮ್ಮ. ಮೈಸೂರಿಗೆ ಅಂಥ ಭೂಕಂಪ ಬರುತ್ತೆ ಅಂತ ಹೆದರಿಸ್ತಿಲ್ಲ. ನಮ್ಮಲ್ಲಿ ಹಳೇ ಗೋಡೆ ಬೀಳೋಕೆ ಮಳೆಯೇ ಸಾಕು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. ಅಲ್ಲಿನ ಪುಸ್ತಕದ ಅಂಗಡಿಗಳಿಗೆ ನಮ್ಮ ಮಕ್ಕಳು ದಿನಾ ಹೋಗ್ತಿದ್ದರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಆದ್ದರಿಂದ ಮಕ್ಕಳು ನಡೆಯೋ ದಾರಿಯಲ್ಲಿ ಯಾವ ಗೋಡೆ ಉಬ್ಬಿದೆ, ಯಾವ ಸಜ್ಜೆ ಬಿರುಕು ಬಿಟ್ಟಿದೆ ಅಂತ ಗುರುತು ಹಾಕಿ ಪಾಲಿಕೆಗೆ ಬರೆದು ಕೊಡು. ಆ ದಾರಿ ಬಿಟ್ಟು ಇನ್ನೊಂದು ದಾರಿ ಹುಡುಕು. ನಿಲ್ಲೋ ಜಾಗವನ್ನೂ ಈಗಲೇ ಗೊತ್ತು ಮಾಡು. ಮಸೀದಿಯ ಅಂಗಳ, ಮದುವೆ ಛತ್ರ, ಹತ್ತಿರವಿರೋ ಶಾಲೆಗಳಿಗೆ ಸಂತ ಫಿಲೋಮಿನಾ ಚರ್ಚಿನ ಆವರಣ, ಎಲ್ಲರನ್ನೂ ಕೇಳಿ ಒಪ್ಪಿಗೆ ಪಡೆದುಕೋ. ಮಕ್ಕಳ ವಿಷಯ ಅಂದರೆ ಈ ಮೊಹಲ್ಲಾದಲ್ಲಿ ಇಲ್ಲ ಅನ್ನೋರು ಸಿಗೋದಿಲ್ಲ.

ತಮಿಳುನಾಡಿನ ಕುಂಭಕೋಣದ ಶಾಲೆಯ ಬೆಂಕಿ ದುರಂತ ನಿನಗೆ ಗೊತ್ತಿರಬೇಕು. 2004ರ ಜುಲೈ 16. ಅಡುಗೆಮನೆಯ ಬೆಂಕಿ ಸೋಗೆ ಚಾವಣಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಅದಾದ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಶಾಲೆಗೂ ಅಗ್ನಿ ಸುರಕ್ಷತೆ ಕಡ್ಡಾಯ ಅಂತ ಹೇಳಿತು. ನಮ್ಮ ಶಾಲೆಗಳಲ್ಲಿ ಸೋಗೆ ಇಲ್ಲ, ಸರಿ. ಆದರೆ ಹಾಲು ಕಾಯಿಸೋ ಸಿಲಿಂಡರು ಎಲ್ಲಿದೆ ನೋಡು. ಮೆಟ್ಟಿಲ ಕೆಳಗಿದ್ದರೆ ಅವತ್ತೇ ತೆಗೆಸು. ಹಿಂದಿನ ಬಾಗಿಲಿಗೆ ಮುರುಕು ಬೆಂಚು ಒಟ್ಟಿದ್ದರೆ ಅದನ್ನೂ ತೆಗೆಸು. ಅಡುಗೆಯಮ್ಮನಿಗೆ ರೆಗ್ಯುಲೇಟರ್ ಮುಚ್ಚೋದು, ಒದ್ದೆ ಗೋಣಿ ಹಾಕೋದು ಕೈಯಲ್ಲೇ ಮಾಡಿಸಿ ಕಲಿಸಬೇಕು. ಬರೀ ಬಾಯಲ್ಲಿ ಹೇಳಿದರೆ ಗಾಬರಿಯಲ್ಲಿ ನೆನಪಾಗಲ್ಲ.

ಇನ್ನು ತಿಲಕ್‌ನಗರದ ಕಿವುಡ ಮತ್ತು ಅಂಧ ಮಕ್ಕಳ ಸರ್ಕಾರಿ ಶಾಲೆಗೆ ಒಂದು ದಿನ ತಪ್ಪದೆ ಹೋಗಿ ಬಾ. 1901ರಲ್ಲಿ ಶುರುವಾದ ಶಾಲೆ ಅದು. ಅಲ್ಲಿನ ಶಿಕ್ಷಕರಿಂದ ಕಲಿಯೋದು ಬಹಳ ಇದೆ. ಕಿವಿ ಕೇಳಿಸದ ಮಗುವಿಗೆ ನಿನ್ನ ಗಂಟೆಯಿಂದ ಏನೂ ತಿಳಿಯಲ್ಲ. ಲೈಟು ಆರಿಸಿ ಹಾಕಬೇಕು, ಕೈಸನ್ನೆ ಮಾಡಬೇಕು. ಕಣ್ಣು ಕಾಣದ ಮಗುವನ್ನು ಕೈ ಹಿಡಿದು ಎಳೆಯಬಾರದು. ನಿನ್ನ ಮೊಣಕೈ ಹಿಡಿಸಿಕೊಂಡು ಅರ್ಧ ಹೆಜ್ಜೆ ಮುಂದೆ ನಡೀಬೇಕು. ನಿನ್ನ ಕ್ಲಸ್ಟರಿನ ಶಾಲೆಗಳಲ್ಲೂ ಇಂಥ ಮಕ್ಕಳಿದ್ದಾರೆ. ಯಾವ ಮಗುವಿಗೆ ಯಾವ ಟೀಚರು ಅಂತ ಹೆಸರು ಹಿಡಿದು ಬರೆದಿಡು.

ನನಗೆ ಎಲ್ಲಕ್ಕಿಂತ ಚಿಂತೆ ಮಕ್ಕಳು ಆಚೆ ಬಂದ ಮೇಲಿನ ಹೊತ್ತಿನದು. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆ ಇಮೇಲ್ ಬಂದಾಗ ಅಪ್ಪ ಅಮ್ಮಂದಿರು ಗೇಟಿಗೆ ಮುಗಿಬಿದ್ದರು. ಬೆದರಿಕೆ ಹುಸಿಯಾಯ್ತು, ಪುಣ್ಯ. ಅಂಥ ಜನ ಈ ಗಲ್ಲಿಗಳಿಗೆ ನುಗ್ಗಿದರೆ ಆಂಬುಲೆನ್ಸು ಕೆ.ಆರ್. ಆಸ್ಪತ್ರೆಯ ದಾರಿ ಹಿಡಿಯೋದಾದರೂ ಹೇಗೆ? ಮಗುವನ್ನು ಯಾರ ಕೈಗೆ ಕೊಡಬೇಕು, ತಾಯಿ ತಂದೆ ಬರದಿದ್ದರೆ ಅಜ್ಜಿಯೋ ಮಾಮನೋ, ಅದು ಹಾಜರಿ ಪುಸ್ತಕದ ಜೊತೆಗೇ ಇರಬೇಕು. ಟೀಚರು ಆಚೆ ಬರುವಾಗ ಆ ಪುಸ್ತಕ ಕೈಯಲ್ಲಿರಬೇಕು. ಎಲ್ಲಿಗೆ ಬಂದು ಮಗುವನ್ನು ಕರಕೊಂಡು ಹೋಗಬೇಕು ಅನ್ನೋದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ಹೇಳಿಸು. ಮಕ್ಕಳನ್ನು ಕರೆತರೋ ಆಟೊದವರನ್ನೂ ಸಭೆಗೆ ಕರಿ, ಅವರನ್ನು ಮರೆತರೆ ಯೋಜನೆ ಅರ್ಧ. ತುರ್ತು ಸಂಖ್ಯೆ 112 ಎಲ್ಲರಿಗೂ ಬಾಯಿಪಾಠವಾಗಲಿ.

ಮಳೆಗಾಲಕ್ಕೆ ಮುಂಚೆ ಎಲ್ಲ ಶಾಲೆಯವರೂ ಒಂದೇ ದಿನ, ಒಂದೇ ಹೊತ್ತಿಗೆ ಮಕ್ಕಳನ್ನು ಆಚೆ ತಂದು ನೋಡಿ. ಯಾವ ತಿರುವಿನಲ್ಲಿ ಎರಡು ಶಾಲೆಯ ಸಾಲು ಡಿಕ್ಕಿ ಹೊಡೆಯುತ್ತೆ ಅನ್ನೋದು ಅವತ್ತು ತಿಳಿಯುತ್ತೆ. ಅದನ್ನು ಸರಿಮಾಡಿ, ದಸರೆ ರಜ ಮುಗಿದ ಮೇಲೆ ಇನ್ನೊಮ್ಮೆ ಮಾಡಿಸು. ಯಾರಾದರೂ ಹೆಡ್‌ಮೇಷ್ಟ್ರು ಪಾಠ ಹಾಳು ಅಂದರೆ ನನಗೆ ಹೇಳು, ಜೊತೆಗೆ ಬಂದು ನಾನೇ ಮಾತಾಡ್ತೀನಿ.