ಮುಳುಗಿದ ಮರಳಿನ ಸವಕಳಿ ಲೆಕ್ಕ

ಗೆಳೆಯರೇ, ತಳದಲ್ಲಿ ತೂತಿರುವ ಮೂರು ಡಬ್ಬಗಳನ್ನು ಊಹಿಸಿಕೊಳ್ಳಿ. ಮೊದಲನೆಯದರಲ್ಲಿ ನೀರಿದೆ, ಎರಡನೆಯದರಲ್ಲಿ ಒಣ ಮರಳಿದೆ. ಮೂರನೆಯದರಲ್ಲೂ ಮರಳೇ ಇದೆ, ಆದರೆ ಆ ಡಬ್ಬ ಪೂರ್ತಿ ನೀರಿನಲ್ಲಿ ಮುಳುಗಿದೆ. ಖಾಲಿಯಾಗುತ್ತ ಬಂದಂತೆ ಯಾವುದರ ಹರಿವು ಕಡಿಮೆಯಾಗುತ್ತದೆ, ಯಾವುದರದು ಹೆಚ್ಚಾಗುತ್ತದೆ?

ಇದು ಭೌತಶಾಸ್ತ್ರದ ಪ್ರಶ್ನೆ. ಆದರೂ ವಾಣಿಜ್ಯ ವಿಭಾಗದ ನಾವು ಸವಕಳಿ ಪಾಠ ನೆನಪಿಸಿಕೊಂಡರೆ ಅರ್ಧ ಉತ್ತರ ಸಿಗುತ್ತದೆ.

1. ನೀರು
ನೀರಿನ ಮಟ್ಟ ಇಳಿದಂತೆ ತೂತಿನ ಬಳಿ ಒತ್ತಡ ಇಳಿಯುತ್ತದೆ, ಹರಿವೂ ಇಳಿಯುತ್ತದೆ. ಶೇಷ ಕಡಿಮೆಯಾದಂತೆ ಸವಕಳಿಯೂ ಕಡಿಮೆಯಾಗುವ ಇಳಿಮುಖ ಶೇಷ ವಿಧಾನದ ಹಾಗೆ. ಸೂತ್ರ ಬೇರೆ, ಆದರೆ ದಿಕ್ಕು ಒಂದೇ.

2. ಒಣ ಮರಳು
ಇದು ಸ್ಥಿರ ಕಂತಿನ ವಿಧಾನ. ಡಬ್ಬ ತುಂಬಿದ್ದರೂ ಅರ್ಧವಿದ್ದರೂ ನಿಮಿಷಕ್ಕೆ ಬೀಳುವ ಮರಳು ಒಂದೇ. ಮರಳು ಗಡಿಯಾರ ಸಮಯ ತೋರಿಸುವುದು ಇದರಿಂದಲೇ. ಕಾಳುಗಳು ಗೋಡೆಗೆ ಉಜ್ಜುವುದರಿಂದ ಭಾರದ ಬಹುಪಾಲನ್ನು ಗೋಡೆಯೇ ಹೊರುತ್ತದೆ ಎಂದು ಜರ್ಮನಿಯ ಇಂಜಿನಿಯರ್ ಯಾನ್ಸೆನ್ 1895ರಲ್ಲಿ ತೋರಿಸಿದರು. ತೂತಿನ ಹತ್ತಿರದ ಕಾಳುಗಳಿಗೆ ಮೇಲಿನ ರಾಶಿಯ ಎತ್ತರ ಹೆಚ್ಚುಕಡಿಮೆ ತಿಳಿಯುವುದೇ ಇಲ್ಲ. ಹಿಟ್ಟಿನ ಗಿರಣಿಯಲ್ಲಿ ಗೋಧಿ ಸುರಿಯುವ ಹಾಪರ್‌ನಲ್ಲೂ ಕೆಲಸ ಮಾಡುವುದು ಇದೇ ನಿಯಮ. 1961ರಲ್ಲಿ ಬೆವರ್ಲೂ ಮತ್ತು ಸಂಗಡಿಗರು ಇದಕ್ಕೆ ಸೂತ್ರ ಕೊಟ್ಟರು. ಕಾಳಿಗಿಂತ ತೂತು ತುಂಬ ದೊಡ್ಡದಾಗಿದ್ದರೆ, ತೂತಿನ ಅಗಲ ಎರಡು ಪಟ್ಟಾದಾಗ ಹರಿವು ಸುಮಾರು 5.7 ಪಟ್ಟಾಗುತ್ತದೆ.

3. ಮುಳುಗಿದ ಮರಳು
ಇದು ನಮ್ಮ ಪುಸ್ತಕದ ಯಾವ ವಿಧಾನಕ್ಕೂ ಸೇರುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಗ್ಲಸ್ ಡ್ಯೂರಿಯನ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರಾಶಿ ಎತ್ತರವಿದ್ದಾಗ ಹರಿವು ಸ್ಥಿರವಾಗಿತ್ತು. ಆದರೆ ಖಾಲಿಯಾಗುತ್ತ ಬಂದಾಗ ಅದು ಶೇಕಡಾ 25ರವರೆಗೂ ಹೆಚ್ಚಾಯಿತು!

ಕಾರಣ ಹೀಗಿದೆ. ತೂತಿನಿಂದ ಬೀಳುವ ಕಾಳುಗಳು ತಮ್ಮೊಂದಿಗೆ ನೀರನ್ನೂ ಕೆಳಗೆ ಎಳೆಯುತ್ತವೆ, ಪಂಪಿನ ಹಾಗೆ. ಆ ನೀರು ಮೇಲಿನಿಂದ, ಕಾಳುಗಳ ಸಂದಿಗಳ ಮೂಲಕ ಬರಬೇಕು. ರಾಶಿ ಎತ್ತರವಿದ್ದರೆ ದಾರಿ ಉದ್ದ, ತಡೆ ಹೆಚ್ಚು. ರಾಶಿ ಕುಗ್ಗಿದರೆ ನೀರು ಸಲೀಸಾಗಿ ನುಗ್ಗಿ ಕಾಳುಗಳನ್ನೂ ಹೊರಗೆ ಕೊಂಡೊಯ್ಯುತ್ತದೆ.

ಇನ್ನೊಂದು ವ್ಯತ್ಯಾಸವಿದೆ. ನೀರಿನಲ್ಲಿ ಬೀಳುವ ಕಾಳು ಬೇಗನೆ ಒಂದು ಸ್ಥಿರ ವೇಗಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಇಲ್ಲಿ ಹರಿವನ್ನು ನಿರ್ಧರಿಸುವುದು ಆ ವೇಗ ಮತ್ತು ತೂತಿನ ವಿಸ್ತೀರ್ಣ. ದೊಡ್ಡ ತೂತಿನ ಅಗಲ ಎರಡು ಪಟ್ಟಾದರೆ ಹರಿವು 5.7 ಪಟ್ಟಲ್ಲ, ಸುಮಾರು 4 ಪಟ್ಟು ಮಾತ್ರ.

ಮಾಡಿ ನೋಡಿ
ನೇರ ಗೋಡೆಯ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬದ ತಳದ ನಡುವೆ 1 ಸೆಂ.ಮೀ. ತೂತು ಮಾಡಿ. ಪಕ್ಕದಲ್ಲಿ ಸಮ ಅಂತರದ ಗೆರೆ ಎಳೆಯಿರಿ. ಜರಡಿ ಹಿಡಿದು ತೊಳೆದು ಒಣಗಿಸಿದ ದಪ್ಪ ಮರಳು ತುಂಬಿ, ಒಂದು ಗೆರೆಯಿಂದ ಇನ್ನೊಂದಕ್ಕೆ ಇಳಿಯುವ ಸಮಯವನ್ನು ಮೊಬೈಲಿನಲ್ಲಿ ಅಳೆಯಿರಿ. ಆಮೇಲೆ ಡಬ್ಬವನ್ನು ನೀರಿನ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ, ತೂತು ತೊಟ್ಟಿಯ ತಳಕ್ಕೆ ತಾಗದಂತೆ ಹಿಡಿದು, ಅದನ್ನೇ ಮಾಡಿ. ಗಾಳಿಗುಳ್ಳೆ ಉಳಿಯಬಾರದು. ವ್ಯತ್ಯಾಸ ಸಣ್ಣದು, ಆದ್ದರಿಂದ ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯಿರಿ.

ಒಂದು ಎಚ್ಚರಿಕೆ: ಗಿರಣಿಯ ದೊಡ್ಡ ಹಾಪರ್ ಅಥವಾ ಧಾನ್ಯದ ಕಣಜ ಖಾಲಿಯಾಗುತ್ತಿರುವಾಗ ಅದರೊಳಗೆ ಯಾರೂ ಇಳಿಯಬಾರದು. ಹರಿಯುವ ಧಾನ್ಯ ಕೆಲವೇ ಸೆಕೆಂಡುಗಳಲ್ಲಿ ಮನುಷ್ಯನನ್ನು ಒಳಗೆ ಎಳೆದುಕೊಳ್ಳುತ್ತದೆ.

ಲೆಕ್ಕ ಬರೆಯುವ ನಮಗೆ ಇದರಲ್ಲಿ ಒಂದು ಪಾಠವಿದೆ. ಮೊದಲ ತಿಂಗಳುಗಳ ದರವನ್ನೇ ಕೊನೆಯವರೆಗೂ ಎಳೆದು ಅಂದಾಜು ಬರೆಯುವುದು ಸುಲಭ. ಒಣ ಮರಳಿಗೆ ಅದು ಸರಿಹೋಗುತ್ತದೆ, ಮುಳುಗಿದ ಮರಳಿಗೆ ಹೋಗುವುದಿಲ್ಲ. ದರ ಹಾಕುವ ಮುನ್ನ ಸುತ್ತ ಏನಿದೆ ಎಂದು ಒಮ್ಮೆ ನೋಡಬೇಕು.