ರಿಪೋರ್ಟಿನಲ್ಲಿ ದಪ್ಪಕ್ಷರ ಕಂಡರೆ

ಈಗೆಲ್ಲ ರಕ್ತಪರೀಕ್ಷೆಯ ರಿಪೋರ್ಟು ಡಾಕ್ಟರಿಗಿಂತ ಮೊದಲು ನಮ್ಮ ಕೈಗೇ ಬರುತ್ತದೆ. ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಯೊಳಗೆ ವಾಟ್ಸಾಪಿಗೆ ಪಿಡಿಎಫ್. ಊರಲ್ಲಿರೋ ಅಪ್ಪ ಅಮ್ಮ ಅದನ್ನ ಸರಿಯಾಗಿ ತೆರೆದೂ ನೋಡದೆ ನಮಗೆ ಕಳಿಸಿಬಿಡುತ್ತಾರೆ: "ಇಂಜಿನಿಯರಿಂಗ್ ಓದ್ತಿದೀಯಲ್ಲ, ಏನ್ ಬಂದಿದೆ ನೋಡಪ್ಪ." ರಿಪೋರ್ಟು ಬಂದಿದ್ದು ಶುಕ್ರವಾರ ಸಂಜೆ, ಡಾಕ್ಟರು ಸಿಗೋದು ಸೋಮವಾರ. ನಡುವೆ ಗೂಗಲ್ ಮಾಡುತ್ತಾ ಕೂತರೆ ಯಾವ ದಾರಿಯಲ್ಲಿ ಹೋದರೂ ಅದು ಕೊನೆಗೆ ಕ್ಯಾನ್ಸರಿನ ಮನೆ ಬಾಗಿಲಿಗೇ ತಂದು ನಿಲ್ಲಿಸುತ್ತೆ.

ಈ ಲೇಖನ ಆ ಎರಡು ದಿನಗಳಿಗಾಗಿ. ನಾವು ಡಾಕ್ಟರುಗಳಲ್ಲ, ರೋಗ ಹೇಳೋದು ನಮ್ಮ ಕೆಲಸವೂ ಅಲ್ಲ. ಆದರೆ ರಿಪೋರ್ಟಿನಲ್ಲಿರೋದು ಅಂಕಿ, ಯೂನಿಟ್ಟು, ರೇಂಜು. ಇವುಗಳ ಜೊತೆ ನಾವು ದಿನಾ ಬದುಕುತ್ತೀವಿ. ಅಷ್ಟರ ಮಟ್ಟಿಗೆ ಓದಲು ನಮಗೆ ಬರಲೇಬೇಕು.

ಮೊದಲು ಆ ದಪ್ಪಕ್ಷರದ ವಿಷಯ. ಪ್ರತಿ ಅಂಕಿಯ ಪಕ್ಕದಲ್ಲಿ ಒಂದು ನಾರ್ಮಲ್ ರೇಂಜ್ ಇರುತ್ತಲ್ಲ, ಅದನ್ನ ಯಾರೋ ಪ್ರಕೃತಿಯಿಂದ ಕೆತ್ತಿ ತಂದದ್ದಲ್ಲ. ಸಾಮಾನ್ಯವಾಗಿ ಆರೋಗ್ಯವಾಗಿರುವ ಬಹಳಷ್ಟು ಜನರ ರಕ್ತ ಪರೀಕ್ಷಿಸಿ, ನಡುವಿನ 95% ಜನ ಎಲ್ಲಿಂದ ಎಲ್ಲಿಯವರೆಗೆ ಬರುತ್ತಾರೋ ಅದನ್ನೇ ರೇಂಜ್ ಎಂದು ಇಟ್ಟುಕೊಳ್ಳುತ್ತಾರೆ. ಅಂದರೆ ಪೂರ್ತಿ ಚೆನ್ನಾಗಿರುವವರಲ್ಲೂ 100ಕ್ಕೆ 5 ಜನ ಆ ಗೆರೆಯ ಆಚೆ ಇರುತ್ತಾರೆ. ಒಂದು ರಿಪೋರ್ಟಿನಲ್ಲಿ 20 ಪರೀಕ್ಷೆಗಳಿವೆ, ಒಂದಕ್ಕೊಂದು ಸಂಬಂಧ ಇಲ್ಲ ಅಂದುಕೊಳ್ಳೋಣ. ಇಪ್ಪತ್ತೂ ರೇಂಜಿನೊಳಗೆ ಬರೋ ಸಂಭವ 0.95ರ 20ನೇ ಘಾತ, ಅಂದರೆ ಸುಮಾರು 0.36. ಹಾಗಾದರೆ ಆರೋಗ್ಯವಂತ 100 ಜನರಲ್ಲಿ 64 ಜನರಿಗೆ ಒಂದಾದರೂ ದಪ್ಪಕ್ಷರ ಗ್ಯಾರಂಟಿ! ನಿಜದಲ್ಲಿ ಹಿಮೋಗ್ಲೋಬಿನ್ನು, ಪಿಸಿವಿ ತರಹದ ಅಂಕಿಗಳು ಜೊತೆಜೊತೆಗೇ ಏರಿಳಿಯುತ್ತವೆ, ಹಾಗಾಗಿ ಇಷ್ಟು ಬರೋದಿಲ್ಲ. ಆದರೂ ಲೆಕ್ಕದ ಧಾಟಿ ಗೊತ್ತಾಯ್ತಲ್ಲ. 11,000ದ ಗೆರೆಗೆ 11,300 ಬಂದಿದ್ದಕ್ಕೂ 1,13,000 ಬಂದಿದ್ದಕ್ಕೂ ಲ್ಯಾಬಿನ ಸಾಫ್ಟ್‌ವೇರ್ ಒಂದೇ ದಪ್ಪಕ್ಷರ ಹಾಕುತ್ತೆ. ಎಷ್ಟು ದೂರ ಹೋಗಿದೆ ಅನ್ನೋದನ್ನ ನಾವೇ ನೋಡಬೇಕು.

ಎರಡನೆಯದು, ಎಣಿಸಿದ್ದು ಯಾರು? ಇಸಿಇಯವರಿಗೆ ಇದು ಇಷ್ಟವಾಗಬಹುದು. ಅಮೆರಿಕದ ವಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ಒಂದು ತತ್ವದ ಮೇಲೆ ಇವತ್ತಿಗೂ ಬಹಳಷ್ಟು ಸೆಲ್ ಕೌಂಟರ್ ಯಂತ್ರಗಳು ನಡೆಯುತ್ತಿವೆ. ಉಪ್ಪು ನೀರಿನಲ್ಲಿ ಒಂದು ಸಣ್ಣ ತೂತು, ತೂತಿನ ಎರಡೂ ಕಡೆ ಎಲೆಕ್ಟ್ರೋಡು. ರಕ್ತಕಣ ತೂತಿನಲ್ಲಿ ಹಾದುಹೋಗುವಾಗ ಅಷ್ಟು ಜಾಗದ ಉಪ್ಪುನೀರನ್ನು ಪಕ್ಕಕ್ಕೆ ಸರಿಸುತ್ತೆ, ರೆಸಿಸ್ಟೆನ್ಸ್ ಕ್ಷಣಮಾತ್ರ ಏರುತ್ತೆ, ಒಂದು ಪಲ್ಸ್ ಬರುತ್ತೆ. ಪಲ್ಸಿನ ಎತ್ತರ ಕಣದ ಗಾತ್ರಕ್ಕೆ ತಕ್ಕಂತೆ. ಚಿಕ್ಕ ಪಲ್ಸ್ ಪ್ಲೇಟ್‌ಲೆಟ್ಟು, ದೊಡ್ಡದು ಕೆಂಪುಕಣ. ಎಷ್ಟು ಚೆಂದ! ಆದರೆ ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್ಟುಗಳು ನೇರಳೆ ಮುಚ್ಚಳದ ಟ್ಯೂಬಿನ ಇಡಿಟಿಎ ರಾಸಾಯನಿಕಕ್ಕೆ ಸೇರಿದ ಕೂಡಲೇ ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಆ ಗುಂಪನ್ನು ಯಂತ್ರ ಪ್ಲೇಟ್‌ಲೆಟ್ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ದೇಹದಲ್ಲಿ 2 ಲಕ್ಷ ಇದ್ದವರಿಗೆ ಕಾಗದದ ಮೇಲೆ 40,000 ಬಂದುಬಿಡುತ್ತೆ. ಇದಕ್ಕೆ ಪರಿಹಾರ ಸುಲಭ: ಸಿಟ್ರೇಟ್ ಇರುವ ಬೇರೆ ಟ್ಯೂಬಿನಲ್ಲಿ ಮತ್ತೊಮ್ಮೆ ರಕ್ತ ಕೊಡೋದು, ಮತ್ತು ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ಪೆಥಾಲಜಿಸ್ಟ್ ಕಣ್ಣಾರೆ ನೋಡೋದು. ಈ ಎರಡನೆಯದಕ್ಕೆ ಪೆರಿಫೆರಲ್ ಸ್ಮಿಯರ್ ಅಂತಾರೆ. ಹೆಸರು ನೆನಪಿಟ್ಟುಕೊಳ್ಳಿ, ಮುಂದೆಯೂ ಬರುತ್ತೆ.

ಇನ್ನೊಂದು ಹಳ್ಳ ಇದೆ, ಶೇಕಡಾವಾರು. ಬಿಳಿಕಣಗಳು ಒಟ್ಟು 3,000, ಅದರಲ್ಲಿ ಲಿಂಫೋಸೈಟ್ 60% ಅಂತ ಬಂದಿದೆ. 60 ದಪ್ಪಕ್ಷರದಲ್ಲಿದೆ. ಗುಣಿಸಿ ನೋಡಿ: 1,800. ಅದು ಮಾಮೂಲಿ ಸಂಖ್ಯೆಯೇ. ಲಿಂಫೋಸೈಟ್ ಹೆಚ್ಚಾಗಿಲ್ಲ, ನ್ಯೂಟ್ರೋಫಿಲ್ ಕಡಿಮೆಯಾಗಿದೆ. ಪರ್ಸೆಂಟೇಜ್ ನೋಡಿ ಹೆದರೋ ಮೊದಲು ಒಟ್ಟು ಸಂಖ್ಯೆಯಿಂದ ಗುಣಿಸಿ. ಯೂನಿಟ್ಟನ್ನೂ ನೋಡಿ. ಒಂದು ಲ್ಯಾಬು ಪ್ಲೇಟ್‌ಲೆಟ್ಟನ್ನ ಲಕ್ಷದಲ್ಲಿ 1.5 ಅಂತ ಬರೆದರೆ ಇನ್ನೊಂದು ಸಾವಿರದಲ್ಲಿ 150 ಅಂತ ಬರೆಯುತ್ತೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ರಕ್ತಪರೀಕ್ಷೆಯಲ್ಲಿ ಕ್ಯಾನ್ಸರ್ ಗೊತ್ತಾಗುತ್ತಾ?

ರಕ್ತದ್ದೇ ಕ್ಯಾನ್ಸರ್ ಆದರೆ ಬಹಳ ಸಲ ಸುಳಿವು ಸಿಗುತ್ತೆ. ಬಿಳಿಕಣ ಸುಮಾರು 4,000ದಿಂದ 11,000 ಇರಬೇಕು. ಜೋರಾದ ಸೋಂಕಿನಲ್ಲಿ 20,000 ದಾಟಬಹುದು, ಸ್ಟೀರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೂ ಏರುತ್ತೆ. ಲಕ್ಷ ದಾಟಿದರೆ ಮಾತ್ರ ಅದನ್ನ ಸೋಂಕು ಅಂತ ತಳ್ಳಿಹಾಕೋ ಹಾಗಿಲ್ಲ. ಸಿಎಂಎಲ್ ಎಂಬ ನಿಧಾನಗತಿಯ ಲ್ಯುಕೇಮಿಯಾ ಕೆಲವೊಮ್ಮೆ ಹೀಗೇ ಗೊತ್ತಾಗುತ್ತೆ. ಮನುಷ್ಯ ಆರಾಮಾಗಿ ಓಡಾಡಿಕೊಂಡಿರುತ್ತಾನೆ, ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ ಸಂಖ್ಯೆ ಬೆಚ್ಚಿಬೀಳಿಸುತ್ತೆ. ಆ ಕಾಯಿಲೆಗೆ 2001ರಲ್ಲಿ ಅನುಮೋದನೆ ಪಡೆದ ಇಮ್ಯಾಟಿನಿಬ್ ಮಾತ್ರೆ ಬಂದ ಮೇಲೆ ಅದರ ಕಥೆಯೇ ಬದಲಾಗಿದೆ, ಬಹಳ ಜನ ಮಾತ್ರೆ ನುಂಗುತ್ತಾ ದಶಕಗಟ್ಟಲೆ ಬದುಕುತ್ತಿದ್ದಾರೆ. ತೀವ್ರ ಲ್ಯುಕೇಮಿಯಾ ಹೀಗಲ್ಲ. ಅದರಲ್ಲಿ ಬಿಳಿಕಣ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು, ನಾರ್ಮಲ್ಲೂ ಇರಬಹುದು. ಮೂಳೆಮಜ್ಜೆಯಲ್ಲಿ ಬಲಿಯದ ಕಣಗಳು ತುಂಬಿಕೊಂಡು ಉಳಿದದ್ದಕ್ಕೆ ಜಾಗ ಇಲ್ಲದಂತಾಗಿ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. ಈ ಬಲಿಯದ ಕಣಗಳ ಹೆಸರು ಬ್ಲಾಸ್ಟ್. ಆರೋಗ್ಯವಂತರ ರಕ್ತದಲ್ಲಿ ಇವು ಕಾಣೋದೇ ಇಲ್ಲ. ಅದಕ್ಕೇ ಸ್ಮಿಯರ್ ಬೇಕು ಅಂದಿದ್ದು.

ಆದರೆ ಮಳೆಗಾಲದಲ್ಲಿ ನಮ್ಮ ಹಾಸ್ಟೆಲುಗಳಲ್ಲಿ ಪ್ಲೇಟ್‌ಲೆಟ್, ಬಿಳಿಕಣ ಎರಡೂ ಇಳಿದವರಿಗೇನು ಬರವೇ? ಡೆಂಗಿ. ಶಿವಮೊಗ್ಗದ ಕಡೆಯವರಾದರೆ ಮಂಗನ ಕಾಯಿಲೆಯಲ್ಲೂ ಹೀಗಾಗುತ್ತೆ. ಡೆಂಗಿಯಲ್ಲಿ ರಕ್ತ ಗಟ್ಟಿಯಾಗಿ ಪಿಸಿವಿ ಸಾಮಾನ್ಯವಾಗಿ ಏರುತ್ತೆ, ಇಳಿಯಲ್ಲ, ಮತ್ತು ವಾರ ಹತ್ತು ದಿನದಲ್ಲಿ ಕೌಂಟು ವಾಪಸ್ ಬರುತ್ತೆ. ಮೂರೂ ಇಳಿದಿದ್ದು ಮೇಲೇಳದೆ ಇದ್ದರೆ ಯೋಚಿಸಬೇಕು. ಆಗಲೂ ಕ್ಯಾನ್ಸರಿಗೆ ಒಬ್ಬ ಅವಳಿ ಇದ್ದಾನೆ, ಬಿ12 ಕೊರತೆ. ಮೂರೂ ಕಣ ಇಳಿಯುತ್ತವೆ, ಸುಸ್ತು, ಬಿಳಿಚಿದ ಮುಖ, ತೂಕವೂ ಇಳಿಯಬಹುದು. ನೋಡಿದವರಿಗೆ ಲ್ಯುಕೇಮಿಯಾ ಅನ್ನಿಸೋ ಹಾಗೇ ಇರುತ್ತೆ. ಶುದ್ಧ ಸಸ್ಯಾಹಾರಿ ಮನೆಗಳಲ್ಲಿ ಇದು ಅಪರೂಪವೇನಲ್ಲ. ರಿಪೋರ್ಟಿನ ಎಂಸಿವಿ 100ರ ಮೇಲೆ ಹೋಗಿದ್ದರೆ ಡಾಕ್ಟರು ಮೊದಲು ಕೇಳೋದು ಇದನ್ನೇ. ಕೆಲವು ಇಂಜೆಕ್ಷನ್ನಿಗೆ ಸರಿಹೋಗುತ್ತೆ.

ಇನ್ನು ಗಡ್ಡೆ ರೂಪದ ಕ್ಯಾನ್ಸರುಗಳು: ಸ್ತನ, ಗರ್ಭಕೊರಳು, ಬಾಯಿ, ಶ್ವಾಸಕೋಶ. ಇಲ್ಲಿ ಸಾಮಾನ್ಯ ರಕ್ತಪರೀಕ್ಷೆ ಪೂರ್ತಿ ನಾರ್ಮಲ್ ಇರಬಹುದು. ನಮ್ಮ ಪ್ರಕಾರ ದಪ್ಪಕ್ಷರಕ್ಕಿಂತ ಅಪಾಯ ಇದು. ಅಮ್ಮನಿಗೆ ಎದೆಯಲ್ಲಿ ಗಂಟು, ಅಪ್ಪನಿಗೆ ಬಾಯಲ್ಲಿ ತಿಂಗಳಾದರೂ ಆರದ ಹುಣ್ಣು. "ಬ್ಲಡ್ ಟೆಸ್ಟ್ ಎಲ್ಲಾ ನಾರ್ಮಲ್ ಬಂತು ಬಿಡು" ಅಂದುಕೊಂಡು ಸುಮ್ಮನಾದರೆ ಆ ರಿಪೋರ್ಟು ಕೊಟ್ಟಿದ್ದು ಸಮಾಧಾನವನ್ನಲ್ಲ, ತಡವನ್ನು. ಗಂಟನ್ನ ಪರೀಕ್ಷಿಸಬೇಕು, ಹುಣ್ಣನ್ನ ಪರೀಕ್ಷಿಸಬೇಕು, ರಕ್ತ ಅದಕ್ಕೆ ಸಾಕ್ಷಿ ಹೇಳಲ್ಲ.

ಒಂದು ಕಡೆ ಮಾತ್ರ ಮಾಮೂಲಿ ಸಿಬಿಸಿ ತುಂಬಾ ದೊಡ್ಡ ಸುಳಿವು ಕೊಡುತ್ತೆ, ನಾವು ಅದನ್ನ ಟಾನಿಕ್ ಕುಡಿಸಿ ಮುಚ್ಚಿಬಿಡುತ್ತೀವಿ. ಅಪ್ಪನಿಗೆ 54 ವರ್ಷ, ಹಿಮೋಗ್ಲೋಬಿನ್ 9, ಎಂಸಿವಿ 70, ಫೆರಿಟಿನ್ ಕಡಿಮೆ ಅಂದುಕೊಳ್ಳಿ. ಕಬ್ಬಿಣಾಂಶದ ಕೊರತೆ. ಮುಟ್ಟಾಗುವ ಹೆಣ್ಣುಮಕ್ಕಳಲ್ಲಿ ಇದಕ್ಕೆ ಕಾರಣ ಹುಡುಕೋದು ಕಷ್ಟವಲ್ಲ. ಆದರೆ ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣ ಎಲ್ಲಿ ಹೋಯ್ತು? ಬರೀ "ಊಟ ಸರಿಯಾಗಿ ಮಾಡಲ್ಲ" ಅನ್ನೋ ಉತ್ತರ ಸಾಲದು. ಎಲ್ಲೋ ರಕ್ತ ಸೋರುತ್ತಿರಬಹುದು. ಮೂಲವ್ಯಾಧಿ ಇರಬಹುದು, ಹೊಟ್ಟೆ ಹುಣ್ಣಿರಬಹುದು, ಬರಿಗಾಲಲ್ಲಿ ತೋಟದಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಇರಬಹುದು. ಜಠರದ ಅಥವಾ ದೊಡ್ಡಕರುಳಿನ ಕ್ಯಾನ್ಸರೂ ಇರಬಹುದು, ಅದು ಕಣ್ಣಿಗೆ ಕಾಣದಷ್ಟು ಸ್ವಲ್ಪ ಸ್ವಲ್ಪವೇ ರಕ್ತ ಕಳೆಯುತ್ತಾ ಹೋಗುತ್ತೆ. ಸಂಪಿನಿಂದ ಮೋಟರು ಹಾಕಿ ಟ್ಯಾಂಕು ತುಂಬಿಸ್ತಾನೇ ಇದ್ದರೆ ಪೈಪು ಸೋರೋದು ಗೊತ್ತಾಗೋದು ಯಾವಾಗ? ಕಬ್ಬಿಣದ ಮಾತ್ರೆ ಬೇಕು, ಸರಿ. ಜೊತೆಗೇ "ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಬೇಕಾ ಸಾರ್?" ಅಂತ ಒಂದು ಪ್ರಶ್ನೆ ಕೇಳಿ. ಬೇಡ ಅಂದರೆ ಯಾಕೆ ಬೇಡ ಅಂತಲೂ ಕೇಳಿ, ತಪ್ಪೇನಿಲ್ಲ.

ಹಾಗೇ ವಯಸ್ಸಾದವರ ಬಿಡದ ಬೆನ್ನುನೋವು. ಜೊತೆಗೆ ರಕ್ತಹೀನತೆ, ಕ್ರಿಯಾಟಿನಿನ್ ಹೆಚ್ಚು, ಕ್ಯಾಲ್ಸಿಯಂ ಹೆಚ್ಚು, ಇಎಸ್‌ಆರ್ 100ರ ಮೇಲೆ ಇದ್ದರೆ ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರನ್ನ ತಳ್ಳಿಹಾಕಲೇಬೇಕು. ಒಂದು ಕಳೆಯೋ ಲೆಕ್ಕ ಇದೆ: ಟೋಟಲ್ ಪ್ರೋಟೀನ್ ಮೈನಸ್ ಆಲ್ಬುಮಿನ್. 4ಕ್ಕಿಂತ ಹೆಚ್ಚು ಬಂದರೆ ಡಾಕ್ಟರಿಗೆ ತೋರಿಸಿ ಹೇಳಿ. ಇಎಸ್‌ಆರ್ ಒಂದೇ 35, 40 ಇದ್ದರೆ ಅದನ್ನಿಟ್ಟುಕೊಂಡು ನಿದ್ದೆ ಕೆಡಿಸಿಕೊಳ್ಳಬೇಡಿ. ಶೀತಕ್ಕೂ ಏರುತ್ತೆ, ವಯಸ್ಸಿಗೂ ಏರುತ್ತೆ.

ಈಗ ಪ್ಯಾಕೇಜುಗಳ ಹಾವಳಿ. "ಫುಲ್ ಬಾಡಿ ಚೆಕಪ್" ಹೆಸರಲ್ಲಿ ಸಿಇಎ, ಸಿಎ-125, ಪಿಎಸ್‌ಎ ಎಲ್ಲಾ ಸೇರಿಸಿ ಮಾರುತ್ತಾರೆ. ಇವು ಟ್ಯೂಮರ್ ಮಾರ್ಕರುಗಳು. ಸಿಇಎ ಬೀಡಿ ಸಿಗರೇಟು ಸೇದುವವರಲ್ಲಿ ಸ್ವಲ್ಪ ಹೆಚ್ಚೇ ಇರುತ್ತೆ. ಸಿಎ-125 ಮುಟ್ಟಿನ ಸಮಯದಲ್ಲಿ, ಗರ್ಭಿಣಿಯರಲ್ಲಿ, ಎಂಡೋಮೆಟ್ರಿಯೋಸಿಸ್ಸಿನಲ್ಲಿ ಏರುತ್ತೆ. ಹೊಟ್ಟೆಯ ಟಿಬಿಯಲ್ಲಂತೂ ಅಂಡಾಶಯದ ಕ್ಯಾನ್ಸರೇ ಇರಬೇಕು ಅನ್ನುವಷ್ಟು ಏರಬಹುದು. ಪಿಎಸ್‌ಎ ಪ್ರಾಸ್ಟೇಟ್ ಊದಿಕೊಂಡರೂ ಏರುತ್ತೆ, ಮೂತ್ರದ ಸೋಂಕಿಗೂ ಏರುತ್ತೆ.

ಗಣಿತದ ಪೇಪರಿನಲ್ಲಿ ನಾವು ಉರು ಹೊಡೆದ ಬೇಯ್ಸ್ ಪ್ರಮೇಯ ಕೆಲಸಕ್ಕೆ ಬರೋದು ಇಲ್ಲೇ. ಉದಾಹರಣೆಗೆ ಒಂದು ಪರೀಕ್ಷೆ ರೋಗ ಇರೋ 100 ಜನರಲ್ಲಿ 90 ಜನರನ್ನ ಹಿಡಿಯುತ್ತೆ, ರೋಗ ಇಲ್ಲದ 100ರಲ್ಲಿ 5 ಜನರಿಗೆ ಸುಮ್ಮಸುಮ್ಮನೆ ಪಾಸಿಟಿವ್ ಅನ್ನುತ್ತೆ ಅಂತ ಇಟ್ಟುಕೊಳ್ಳಿ. ಒಳ್ಳೇ ಪರೀಕ್ಷೆಯೇ. ಯಾವ ತೊಂದರೆಯೂ ಇಲ್ಲದ 10,000 ಜನರಿಗೆ ಇದನ್ನ ಮಾಡೋಣ, ಅವರಲ್ಲಿ ನಿಜವಾಗಿ ರೋಗ ಇರೋದು 10 ಜನರಿಗೆ. 9 ಜನ ಸಿಕ್ಕರು. ಉಳಿದ 9,990ರಲ್ಲಿ ಸುಮಾರು 500 ಜನರಿಗೆ ಸುಳ್ಳು ಪಾಸಿಟಿವ್. ಅಂದರೆ ಪಾಸಿಟಿವ್ ಬಂದ 509 ಜನರಲ್ಲಿ ರೋಗ ಇರೋದು 9 ಜನರಿಗೆ, 2% ಕೂಡ ಇಲ್ಲ. ಈಗ ಅದೇ ಪರೀಕ್ಷೆಯನ್ನ ಡಾಕ್ಟರು ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ, ಅನುಮಾನ ಬಂದ 10,000 ಜನರಿಗೆ ಮಾತ್ರ ಮಾಡೋಣ, ಅವರಲ್ಲಿ 1,000 ಜನರಿಗೆ ರೋಗ ಇದೆ. 900 ಸಿಕ್ಕರು, ಸುಳ್ಳು ಪಾಸಿಟಿವ್ 450. ಪಾಸಿಟಿವ್ ಬಂದವರಲ್ಲಿ ರೋಗದ ಸಂಭವ 67%. ಪರೀಕ್ಷೆ ಅದೇ, ಯಂತ್ರ ಅದೇ, ಅಂಕಿ ಅದೇ. ಅರ್ಥ ಬದಲಾಗಿದ್ದು ಪರೀಕ್ಷೆಗೆ ಮುಂಚೆ ಇದ್ದ ಅನುಮಾನದಿಂದ. ಡಾಕ್ಟರು ಹೊಟ್ಟೆ ಒತ್ತಿ, ಕತ್ತು ತಡವಿ, ಹತ್ತು ಪ್ರಶ್ನೆ ಕೇಳೋದು ಇದಕ್ಕೇ. ಪಿಡಿಎಫ್ ಮಾತ್ರ ನೋಡೋ ನಮ್ಮ ಹತ್ತಿರ ಆ ಮಾಹಿತಿ ಇಲ್ಲ.

ಸೋಮವಾರದ ತನಕ ಕಾಯಬಾರದ ರಿಪೋರ್ಟುಗಳೂ ಇವೆ. ಸ್ಮಿಯರ್‌ನಲ್ಲಿ ಬ್ಲಾಸ್ಟ್ ಕಂಡಿದೆ ಅಂತ ಬರೆದಿದ್ದರೆ. ಬಿಳಿಕಣ ಲಕ್ಷ ದಾಟಿದ್ದರೆ. ಪ್ಲೇಟ್‌ಲೆಟ್ 20,000ಕ್ಕಿಂತ ಕೆಳಗಿದ್ದು ವಸಡು, ಮೂಗಿನಲ್ಲಿ ರಕ್ತ ಬರುತ್ತಿದ್ದರೆ. ಜ್ವರ ಇದ್ದು ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ ಇದ್ದರೆ (ಒಟ್ಟು ಬಿಳಿಕಣ × ನ್ಯೂಟ್ರೋಫಿಲ್ ಶೇಕಡಾ ÷ 100). ಕ್ಯಾಲ್ಸಿಯಂ ತುಂಬಾ ಏರಿ ಮಂಪರು, ಗೊಂದಲ ಇದ್ದರೆ. ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೊರಡಿ. ಗುಂಪಿನಲ್ಲಿ ಅಭಿಪ್ರಾಯ ಕೇಳುತ್ತಾ ಕೂರಬೇಡಿ.

ಅಷ್ಟು ಅವಸರ ಇಲ್ಲದಿದ್ದರೆ ಆ ಎರಡು ದಿನದಲ್ಲಿ ಮಾಡೋ ಕೆಲಸ ಇದೆ. ಬೀರುವಿನಲ್ಲಿರೋ ಹಳೇ ರಿಪೋರ್ಟುಗಳ ಫೋಟೋ ಕಳಿಸೋಕೆ ಹೇಳಿ, ಒಂದು ಎಕ್ಸೆಲ್ ಶೀಟಿನಲ್ಲಿ ತಾರೀಖಿನ ಪ್ರಕಾರ ಹಾಕಿ. ಹಿಮೋಗ್ಲೋಬಿನ್ 11 ಎಂಟು ವರ್ಷದಿಂದ 11ರಲ್ಲೇ ಇದ್ದರೆ ಅದೊಂದು ಕಥೆ. ಎರಡು ವರ್ಷದಲ್ಲಿ 14ರಿಂದ 11ಕ್ಕೆ ಇಳಿದಿದ್ದರೆ ಬೇರೆಯೇ ಕಥೆ, ರಿಪೋರ್ಟಿನಲ್ಲಿ ಎರಡೂ ಒಂದೇ ದಪ್ಪಕ್ಷರ. ಪ್ರಯತ್ನ ಮಾಡದೆ ತೂಕ ಇಳಿದಿದೆಯಾ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರುತ್ತಾರಾ, ಯಾವ್ಯಾವ ಮಾತ್ರೆ ತಗೊಳ್ತಿದ್ದಾರೆ, ನಾಟಿ ಔಷಧಿಯೂ ಸೇರಿ, ಎಲ್ಲ ಬರೆದಿಡಿ. ಕತ್ತಲ್ಲಿ, ಕಂಕುಳಲ್ಲಿ ಗಂಟು ಇದ್ದರೆ ಡಾಕ್ಟರು ನೋಡುವ ಮೊದಲೇ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ತಂದು ನುಂಗಿಸಬೇಡಿ. ಲಿಂಫೋಮಾ ಆಗಿದ್ದರೆ ಗಂಟು ತಾತ್ಕಾಲಿಕವಾಗಿ ಕರಗಿ, ಆಮೇಲೆ ಬಯಾಪ್ಸಿಯಲ್ಲಿ ಏನೂ ತಿಳಿಯದ ಹಾಗಾಗಬಹುದು.

ಬೆಂಗಳೂರಿನ ಕಿದ್ವಾಯಿಗೆ ಬರೆದುಕೊಟ್ಟರು ಅಂದ ಕೂಡಲೇ ಮನೆಯಲ್ಲಿ ಅಳು ಶುರುವಾಗುತ್ತೆ. 1973ರಿಂದ ಇರೋ ಆಸ್ಪತ್ರೆ, ಹೆಸರೇ ಕಾಯಿಲೆಯ ಹೆಸರಿನ ಹಾಗಾಗಿಬಿಟ್ಟಿದೆ. ಅಲ್ಲಿಗೆ ಕಳಿಸಿದ್ದು ಖಚಿತ ಮಾಡಿಕೊಳ್ಳೋಕೆ ಅಂತಲೂ ಇರಬಹುದು. ಗಡ್ಡೆಯಾದರೆ ಬಯಾಪ್ಸಿ, ರಕ್ತದ್ದಾದರೆ ಮೂಳೆಮಜ್ಜೆ ಪರೀಕ್ಷೆ, ಫ್ಲೋ ಸೈಟೋಮೆಟ್ರಿ: ಹೆಸರಿಟ್ಟು ಹೇಳೋದು ಇವು. "ಸೂಜಿ ಚುಚ್ಚಿದ್ರೆ ಹರಡುತ್ತಂತೆ" ಅಂತ ಅತ್ತೆ, ಚಿಕ್ಕಪ್ಪ ಯಾರಾದರೂ ಹೇಳೇ ಹೇಳ್ತಾರೆ. ಹಾಗಾಗೋದು ತೀರಾ ಅಪರೂಪ, ಚುಚ್ಚಿಸದೆ ತಿಂಗಳು ತಳ್ಳೋದರಿಂದ ಆಗುವ ನಷ್ಟ ಅದಕ್ಕಿಂತ ಎಷ್ಟೋ ದೊಡ್ಡದು. ಬಯಾಪ್ಸಿ ಆದ ಮೇಲೆ ಬರೀ ಕಾಗದದ ರಿಪೋರ್ಟು ತಗೊಂಡು ಬಂದುಬಿಡಬೇಡಿ, ಸ್ಲೈಡು ಮತ್ತು ಮೇಣದ ಬ್ಲಾಕನ್ನೂ ಕೇಳಿ ಪಡೆದುಕೊಳ್ಳಿ. ಎರಡನೇ ಆಸ್ಪತ್ರೆಗೆ ಹೋದಾಗ ಅಲ್ಲಿನ ಪೆಥಾಲಜಿಸ್ಟ್ ಕೇಳೋದು ಅದನ್ನೇ.